ಬಿಸಿಲು ತಿಂದ ಹಗ್ಗ

“ನಾನೇ ಕೊಂದಿದ್ದು ಮೇಡಂ. ಭಾವನ್ನ ನಾನೇ ಕೊಂದೆ.”

ಇನ್ಸ್‌ಪೆಕ್ಟರ್ ಭೂತಗನ್ನಡಿಯಿಂದ ಕಣ್ಣು ತೆಗೆಯಲಿಲ್ಲ. “ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ. ಬೆಳಕಿಗೆ ಅಡ್ಡ ಆಗ್ತಿದೀರಿ,” ಎಂದರು.

ಮೇಜಿನ ಮೇಲೆ ಬೂದು ಬಣ್ಣದ ಹಗ್ಗವೊಂದು ಸುರುಳಿಯಾಗಿ ಮಲಗಿತ್ತು. ಕಿರುಬೆರಳಿಗಿಂತ ತೆಳು, ಮುಟ್ಟಿದರೆ ರೇಷ್ಮೆಯ ನಯ. ಮೂರು ದಿನದ ಹಿಂದೆ ಅದನ್ನೇ ಸೊಂಟಪಟ್ಟಿಗೆ ಕಟ್ಟಿಕೊಂಡು ಪರೀಕ್ಷಾ ಗೋಪುರ ಹತ್ತಿದ್ದ ವಿಜ್ಞಾನಿ, ಎಲ್ಲರ ಬಾಯಲ್ಲಿ ಹಗ್ಗದ ಮೇಷ್ಟ್ರು, ಅದು ಹರಿದು, ಕೆಳಗಿನ ಕಾಂಕ್ರೀಟಿನ ಮೇಲೆ ಬಿದ್ದು ಸತ್ತಿದ್ದರು.

ತಪ್ಪೊಪ್ಪಿಕೊಂಡವನು ಮೇಷ್ಟ್ರ ಹೆಂಡತಿಯ ತಮ್ಮ. ಹಗ್ಗ ಸುತ್ತುವ ಕೋಣೆಯ ಮೇಲ್ವಿಚಾರಕ. ಇಲ್ಲಿ ತಯಾರಾದ ಹಗ್ಗದ ಒಂದೊಂದು ಗೇಣೂ ಅವನ ಬೆರಳ ಸಂದಿಯಿಂದ ಹಾದೇ ಹೊರಗೆ ಹೋಗಬೇಕು. ಈಗ ಆ ಬೆರಳುಗಳು ಅಂಗಿಯ ಗುಂಡಿಯನ್ನು ತಿರುಚುತ್ತಿದ್ದವು.

ಬಾಗಿಲ ಬಳಿ ನಿಂತಿದ್ದ ಬಾಹ್ಯಾಕಾಶ ಕೇಂದ್ರದ ನಿರ್ದೇಶಕರ ಬಾಯಿಂದ “ಅಬ್ಬಾ!” ಎಂಬ ಉಸಿರು ಹೊರಬಿತ್ತು.

ಆಗ ಇನ್ಸ್‌ಪೆಕ್ಟರ್ ತಲೆ ಎತ್ತಿದರು. “ಕೊಲೆ ಅಂದ ಕೂಡಲೇ ಸಮಾಧಾನದ ಉಸಿರು ಬಿಟ್ಟವರನ್ನ ನನ್ನ ಸರ್ವೀಸಿನಲ್ಲಿ ಇವತ್ತೇ ನೋಡ್ತಿರೋದು ಸಾರ್.”

ನಿರ್ದೇಶಕರ ಮುಖ ಕೆಂಪಾಯಿತು. “ತಪ್ಪು ತಿಳೀಬೇಡಿ. ಮೇಷ್ಟ್ರು ನನಗೆ ಕಾಲೇಜಿನಿಂದ ಗೆಳೆಯ. ಆದ್ರೆ ಮೇಲೆ ನಾಲ್ಕು ಜೀವ ಇದಾವೆ. ಅದರಲ್ಲಿ ಒಂದು ಅವನ ಮಗಳದ್ದೇ.”

ಅವರ ಸಂಕಟ ಇನ್ಸ್‌ಪೆಕ್ಟರಿಗೆ ಬಂದ ದಿನವೇ ಅರ್ಥವಾಗಿತ್ತು. ನಾಲ್ವರನ್ನು ಹೊತ್ತ ನೌಕೆ ಕೆಂಪು ಗ್ರಹದ ಹೊಸ್ತಿಲಲ್ಲಿತ್ತು. ಬಂದ ವೇಗದಲ್ಲೇ ಹೋದರೆ ಗ್ರಹದ ಪಕ್ಕದಿಂದ ಹಾಯ್ದು ಕತ್ತಲೆಗೆ ನುಗ್ಗಿಬಿಡುತ್ತದೆ. ವೇಗ ಇಳಿಸಿದರೆ ಮಾತ್ರ ಗ್ರಹದ ಸೆಳೆತ ಅದನ್ನು ಹಿಡಿದು ತನ್ನ ಸುತ್ತ ತಿರುಗಿಸಿಕೊಳ್ಳುತ್ತದೆ. ಅದಕ್ಕೆ ಮೇಷ್ಟ್ರು ಕಂಡುಹಿಡಿದ ದಾರಿಯೇ ಲಂಗರು. ಬಾವಿಗೆ ಕೊಡ ಬಿಟ್ಟ ಹಾಗೆ, ನೌಕೆಯಿಂದ ಮೈಲುಗಟ್ಟಲೆ ಉದ್ದದ ಹಗ್ಗದಲ್ಲಿ ಕೊಡೆಯಾಕಾರದ ಒಂದು ಲಂಗರನ್ನು ಗ್ರಹದ ಮೇಲ್ಗಾಳಿಗೆ ಇಳಿಬಿಡುವುದು. ಗಾಳಿ ಲಂಗರನ್ನು ಹಿಂದಕ್ಕೆ ಜಗ್ಗುತ್ತದೆ, ಹಗ್ಗ ನೌಕೆಯನ್ನು ಜಗ್ಗುತ್ತದೆ. ಕಾಯುವುದು, ಕೆಂಪಾಗುವುದು ಎಲ್ಲ ಲಂಗರಿನ ಪಾಲು. ನೌಕೆ ಗಾಳಿಯನ್ನು ಮುಟ್ಟದೆ ಮೇಲೆಯೇ ನಿಧಾನವಾಗುತ್ತದೆ.

ಇನ್ನೊಂದು ದಾರಿಯೂ ಇತ್ತು. ಎಂಜಿನ್ ಹೊತ್ತಿಸಿ ವೇಗ ಇಳಿಸುವುದು. ಆದರೆ ವಾಪಸು ಬರಲು ಇಟ್ಟ ಇಂಧನವೆಲ್ಲ ಅದಕ್ಕೇ ಮುಗಿದುಹೋಗುತ್ತದೆ. ಆಮೇಲೆ ಅವರನ್ನು ಕರೆತರಲು ಬೇರೆ ನೌಕೆಯೇ ಹೋಗಬೇಕು. ಅಂಥ ನೌಕೆ ಇನ್ನೂ ಕಾಗದದ ಮೇಲೂ ಇರಲಿಲ್ಲ.

ಮೇಷ್ಟ್ರು ಕಟ್ಟಿಕೊಂಡಿದ್ದು ನೌಕೆಗೆ ಹೋದ ಹಗ್ಗದ್ದೇ ಉಳಿಕೆ ತುಂಡು. ‘ಮಗಳನ್ನ ಕಟ್ಟೋ ಹಗ್ಗಕ್ಕೆ ಮೊದಲು ನನ್ನನ್ನ ಕಟ್ಕೋತೀನಿ’ ಎನ್ನುವುದು ಅವರ ಮಾತು. ಆ ಹಗ್ಗ ತಾನಾಗಿಯೇ ಹರಿದಿದ್ದರೆ ಲಂಗರು ಇಳಿಸುವಂತಿಲ್ಲ. ಯಾರಾದರೂ ಕೈಯಾಡಿಸಿದ್ದರೆ ಹೆದರಬೇಕಿಲ್ಲ. ಪೊಲೀಸರು ಕೊಲೆ ಎನ್ನಲಿ ಎಂದು ಇಡೀ ಕೇಂದ್ರ ಒಳಗೊಳಗೇ ಹರಕೆ ಹೊತ್ತಂತಿತ್ತು.

“ಲಂಗರು ಇಳಿಸೋ ಆದೇಶ ಇವತ್ತು ಮಧ್ಯಾಹ್ನವೇ ಹೋಗ್ಬೇಕು,” ಎಂದರು ನಿರ್ದೇಶಕರು. “ಇವನು ಒಪ್ಕೊಂಡ ಮೇಲೆ ಇನ್ನೇನಿದೆ? ನಾನು ಹೋಗಿ ಕಳಿಸ್ತೀನಿ.”

“ಕಳಿಸೋದು ಬಿಡೋದು ನಿಮ್ಮ ಇಷ್ಟ. ನನ್ನ ಮಾತು ಕೇಳೋದಾದ್ರೆ ಸ್ವಲ್ಪ ತಡೀರಿ.”

ಅವರು ತಡೆಯುವ ಹಾಗೆ ಕಾಣಲಿಲ್ಲ. ಬೂಟಿನ ಸದ್ದು ಮೆಟ್ಟಿಲಿಳಿದು ದೂರವಾಯಿತು.

ಇನ್ಸ್‌ಪೆಕ್ಟರ್ ಕುರ್ಚಿ ಎಳೆದುಕೊಂಡು ಭಾವಮೈದನ ಎದುರಿಗೆ ಕೂತರು. ಐವತ್ತು ದಾಟಿದ ಹೆಂಗಸು. ಮಂಡಿನೋವು. ಕೂರುವಾಗ ಒಮ್ಮೆ, ಏಳುವಾಗ ಒಮ್ಮೆ ಯಾರನ್ನೋ ಬೈದುಕೊಳ್ಳುತ್ತಿದ್ದರು.

“ಹೇಗೆ ಕೊಂದಿರಿ?”

“ಬಿಸಿ ತಂತಿಯಿಂದ. ಈ ಹಗ್ಗಕ್ಕೆ ಕತ್ತಿ ಹಿಡಿಯಲ್ಲ, ಬಿಸಿ ತಂತಿನೇ ಬೇಕು. ಹಿಂದಿನ ದಿನಾನೇ ಅರ್ಧ ಸುಟ್ಟಿಟ್ಟಿದ್ದೆ. ಅವರ ಭಾರ ಬಿದ್ದ ಕೂಡ್ಲೆ ಉಳಿದರ್ಧ ಹರೀತು. ನೋಡಿ ಬೇಕಾದ್ರೆ, ತುದಿಯಲ್ಲಿ ಕರಗಿದ ಮಣಿ ಇದೆ.”

ಇತ್ತು. ಎಳೆಗಳು ಕರಗಿ ಗಸಗಸೆಯಂಥ ಮಣಿಗಳಾಗಿದ್ದವು. ಜಗ್ಗಿ ಹರಿದ ಹಗ್ಗದ ತುದಿ ಹಳೆ ಪೊರಕೆಯ ಹಾಗೆ ಕೆದರಿರುತ್ತದೆ, ಸುಟ್ಟದ್ದು ಹೀಗೆ ಮಣಿ ಕಟ್ಟುತ್ತದೆ ಎಂದು ಇದೇ ಕೇಂದ್ರದವರು ಅವರಿಗೆ ತೋರಿಸಿಕೊಟ್ಟಿದ್ದರು.

“ಯಾಕೆ ಕೊಂದಿರಿ?”

ಅವನು ತಡವರಿಸಿದ. “ಅವರು... ಎಲ್ಲರೆದುರಿಗೂ ನನ್ನನ್ನ ಬೈತಿದ್ರು.”

“ನನ್ನ ಗಂಡನೂ ನನ್ನ ತಮ್ಮನನ್ನ ಬೈತಾರೆ. ಇನ್ನೂ ಇಬ್ಬರೂ ಬದುಕಿದಾರೆ.”

ಅಷ್ಟರಲ್ಲಿ ದಫೇದಾರ ಏದುಸಿರು ಬಿಡುತ್ತ ಒಳಗೆ ಬಂದ. ಎತ್ತರ ಕಂಡರೆ ತಲೆ ತಿರುಗುವ ಮನುಷ್ಯ. ಇನ್ಸ್‌ಪೆಕ್ಟರ್ ಮಂಡಿಯ ನೆಪ ಹೇಳಿ ಅವನನ್ನೇ ಗೋಪುರ ಹತ್ತಿಸಿದ್ದರು. ಮುಖದಲ್ಲಿ ರಕ್ತವೇ ಇರಲಿಲ್ಲ, ಕೈಯಲ್ಲಿ ಮಾತ್ರ ಒಂದು ಪ್ಲಾಸ್ಟಿಕ್ ಚೀಲ ಭದ್ರವಾಗಿತ್ತು.

“ಮೇಲಿನ ಕೊಕ್ಕೆಯಲ್ಲಿ ನೇತಾಡ್ತಿದ್ದ ಭಾಗ ಮೇಡಂ. ಬಿಚ್ಚಿ ತಂದೆ. ಕೆಳಗೆ ನೋಡಬೇಡ ಅಂತ ನನಗೆ ನಾನೇ ಹೇಳ್ಕೊಂಡು, ಕಣ್ಣು ಮುಚ್ಕೊಂಡೇ ಇಳಿದೆ. ಇನ್ನೊಂದು ಸಲ ಹತ್ತು ಅಂದ್ರೆ ರಾಜೀನಾಮೆ ಕೊಡ್ತೀನಿ.”

“ಕೊಡೋರಂತೆ. ಮೊದ್ಲು ಅದನ್ನ ಕೊಡಿ.”

ಹರಿದ ಎರಡು ತುದಿಗಳನ್ನೂ ಅವರು ಅಕ್ಕಪಕ್ಕ ಇಟ್ಟರು. ಮೇಷ್ಟ್ರ ಸೊಂಟದ ಕಡೆಯದು ಮಣಿ ಕಟ್ಟಿತ್ತು. ಕೊಕ್ಕೆಯ ಕಡೆಯದು ಕೆದರಿದ ಪೊರಕೆ. ಒಂದೇ ಒಂದು ಮಣಿ ಇರಲಿಲ್ಲ.

ಇನ್ಸ್‌ಪೆಕ್ಟರ್ ಭೂತಗನ್ನಡಿಯನ್ನು ಭಾವಮೈದನ ಕೈಗೇ ಕೊಟ್ಟರು.

ಅವನು ನೋಡಿದ. ಮತ್ತೆ ನೋಡಿದ. ಗಾಜನ್ನು ಮೇಜಿನ ಮೇಲೆ ಮಗುಚಿಟ್ಟ.

“ಹರಿಯೋ ಮುಂಚೆ ಸುಟ್ಟಿದ್ರೆ ಎರಡೂ ಕಡೆ ಮಣಿ ಇರ್ಬೇಕಿತ್ತು,” ಎಂದರು ಇನ್ಸ್‌ಪೆಕ್ಟರ್. “ಹರಿದು ಬಿದ್ದ ಮೇಲೆ ಸುಟ್ಟಿದೀರಿ. ನಿಮ್ಮ ಭಾವ ನೆಲದ ಮೇಲೆ ಬಿದ್ದಿರೋವಾಗ, ಅವರ ಸೊಂಟದ ಹಗ್ಗ ಹಿಡ್ಕೊಂಡು ಕೂತು ಸುಟ್ಟಿದೀರಿ. ಮೇಲಿನ ತುದಿ ಕೈಗೆ ಎಟುಕಲಿಲ್ಲ. ಕಳ್ಳತನ ಮಾಡಿ ಇಲ್ಲ ಅನ್ನೋರನ್ನ ದಿನಾ ನೋಡ್ತೀನಿ. ಮಾಡದೇ ಇರೋ ಕೊಲೆನ ಮಾಡಿದೀನಿ ಅನ್ನೋರು ಯಾಕೆ ಹಾಗಂತಾರೆ, ನೀವೇ ಹೇಳಿ.”

ಅವನು ಮುಖ ಮುಚ್ಚಿಕೊಂಡ. ಅಳು ದನಿಯಿಲ್ಲದೆ ಬಂತು, ಹೆಗಲು ಮಾತ್ರ ಕುಲುಕುತ್ತಿತ್ತು. ದಫೇದಾರ ತನಗೆಂದು ತಂದುಕೊಂಡಿದ್ದ ನೀರಿನ ಲೋಟವನ್ನು ಅವನ ಮುಂದೆ ಸರಿಸಿದ.

“ಸುಳ್ಳಲ್ಲ ಮೇಡಂ. ನಾನೇ ಕೊಂದಿದ್ದು,” ಎಂದ ಕೊನೆಗೆ. “ಬಿಸಿ ತಂತಿಯಿಂದ ಅಲ್ಲ ಅಷ್ಟೆ.”

ಕಥೆ ತುಂಡುತುಂಡಾಗಿ ಹೊರಬಂತು. ನೌಕೆಗೆ ಹಗ್ಗ ಸುತ್ತಿ ಮುಗಿಸಿದ ದಿನ ಉಳಿಕೆ ತುಂಡು ಅವನ ಕೋಣೆಯಲ್ಲಿ ಬಿದ್ದಿತ್ತು. ಅದೇ ವಾರ ಅಕ್ಕ, ಬಟ್ಟೆ ಒಣಗಿಸಲು ಗಟ್ಟಿ ಹಗ್ಗ ತಂದುಕೊಡೋ, ಅಂಗಡಿಯವು ಎರಡು ಕಂಬಳಿ ಹಾಕಿದರೆ ಜೋತುಬೀಳುತ್ತವೆ ಎಂದಿದ್ದಳು. ಇವನು ಹಿಂದೆಮುಂದೆ ನೋಡದೆ ಅದನ್ನೇ ಒಯ್ದು ತಾರಸಿಯ ಮೇಲೆ ಕಟ್ಟಿಕೊಟ್ಟ.

“ನಗಬೇಡಿ ಮೇಡಂ. ನೌಕೆ ನಿಲ್ಲಿಸೋ ಹಗ್ಗದ ಮೇಲೆ ನಮ್ಮಕ್ಕ ಹಾಸಿಗೆ ಬಟ್ಟೆ ಒಣಗಿಸ್ತಿದ್ಲು. ಭಾವ ತಾರಸಿ ಕಡೆ ತಲೆ ಹಾಕೋರಲ್ಲ. ಮನೇಲಿದ್ರೂ ಅವರ ಕಣ್ಣು ಪುಸ್ತಕದ ಮೇಲೇ.”

“ಯಾರು ನಗ್ತಿದಾರೆ? ಮುಂದೆ ಹೇಳಿ.”

“ಹೋದ ವಾರ ಭಾವ ಉಳಿಕೆ ತುಂಡು ಎಲ್ಲಿ ಅಂದ್ರು. ನನಗೆ ಎದೆ ಒಡೆದುಹೋಯ್ತು. ಇಲ್ಲಿಂದ ಒಂದು ಗೇಣು ಹಗ್ಗ ಹೊರಗೆ ಹೋದ್ರೂ ಕೆಲಸ ಹೋಗುತ್ತೆ. ಅಕ್ಕನ ಮನೆಗೆ ಓಡಿ, ಅದನ್ನ ಬಿಚ್ಚಿ, ಅಂಗಡಿ ಹಗ್ಗ ಕಟ್ಟಿ, ಇದನ್ನ ತೊಳೆದು ಒರೆಸಿ ಭಾವನ ಕೈಗೆ ಕೊಟ್ಟೆ. ಅದು ಬಿಸಿಲಿಗೆ ಸಾಯೋ ಹಗ್ಗ ಮೇಡಂ. ಅದಕ್ಕೇ ನೌಕೆಯಲ್ಲೂ ಕತ್ತಲ ಡಬ್ಬಿಯೊಳಗೆ ಸುತ್ತಿಟ್ಟಿರ್ತೀವಿ. ತಾರಸಿ ಮೇಲೆ ಒಂದು ಬೇಸಗೆ ಪೂರ್ತಿ ಬಿಸಿಲು ತಿಂದಿತ್ತು. ನೋಡೋಕೆ ಹೊಸದರ ಹಾಗೇ ಇತ್ತು, ಒಳಗೆ ಪುಡಿ. ಭಾವ ಅದನ್ನ ಬೀರುವಿನಲ್ಲಿ ಇಡೋಕೆ ಕೇಳ್ತಿದಾರೆ ಅಂದ್ಕೊಂಡೆ. ಕಟ್ಕೊಂಡು ಹತ್ತುತಾರೆ ಅಂತ...”

ಅವನು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ.

“ಇದನ್ನೇ ಮೊದಲ ದಿನ ಹೇಳಬಹುದಿತ್ತಲ್ಲ?” ಎಂದ ದಫೇದಾರ.

“ಯಾರು ನಂಬ್ತಿದ್ರು? ಹಗ್ಗ ಕೆಟ್ಟದ್ದು, ಸುತ್ತಿದವನು ಇವನು, ತಲೆ ತಪ್ಪಿಸ್ಕೊಳ್ಳೋಕೆ ಬಟ್ಟೆ ಹಗ್ಗದ ಕಥೆ ಕಟ್ಟಿದಾನೆ ಅಂತಿದ್ರು. ಲಂಗರು ಬೇಡ, ಇಂಧನ ಸುಡಿ ಅಂತಿದ್ರು. ಪುಟ್ಟಿ ಅಲ್ಲೇ ಉಳಿದುಬಿಡ್ತಿದ್ಲು. ಅವಳನ್ನ ಹೆಗಲ ಮೇಲೆ ಹೊತ್ತು ಬೆಳೆಸಿದ ಸೋದರಮಾವ ನಾನು. ತಪ್ಪು ಮಾಡಿದೆ ಅಂದ್ರೆ ನೂರು ಪ್ರಶ್ನೆ ಕೇಳ್ತಾರೆ. ಕೊಂದೆ ಅಂದ್ರೆ ಎಲ್ಲರೂ ತಕ್ಷಣ ನಂಬ್ತಾರೆ ಮೇಡಂ. ನಿರ್ದೇಶಕರು ನಂಬಿದ್ದು ನೋಡಿದ್ರಲ್ಲ.”

ಇನ್ಸ್‌ಪೆಕ್ಟರ್ ಮಂಡಿಯನ್ನು ಬೈದುಕೊಳ್ಳುತ್ತ ಎದ್ದರು.

“ನಡೀರಿ. ನಿಮ್ಮಕ್ಕನ ತಾರಸಿ ನೋಡೋಣ.”

ಮೇಷ್ಟ್ರ ಮನೆ ಕೇಂದ್ರದ ಹಿಂದಿನ ಬೀದಿಯಲ್ಲೇ ಇತ್ತು. ಮೂರು ಮಹಡಿಯ ಹಳೆ ಕಟ್ಟಡ. ದಫೇದಾರ ಹಗ್ಗದ ಎರಡೂ ಚೀಲಗಳನ್ನು ಎದೆಗವಚಿಕೊಂಡು ಹಿಂದೆ ಬಂದ. ದಾರಿಯುದ್ದಕ್ಕೂ ಭಾವಮೈದ ಒಂದೇ ಮಾತು ಹೇಳುತ್ತಿದ್ದ: “ಅಕ್ಕನಿಗೆ ಏನೂ ಗೊತ್ತಿಲ್ಲ. ಅಕ್ಕನಿಗೆ ಹೇಳಬೇಡಿ.”

ಅಕ್ಕ ತಾರಸಿಯ ಮೇಲೇ ಇದ್ದಳು. ಗಂಡನ ಅಂಗಿಗಳನ್ನು ಒಗೆದು ಹಿಂಡಿ ಹರವುತ್ತಿದ್ದಳು. ಇನ್ನು ತೊಡುವವರಿಲ್ಲದ ಅಂಗಿಗಳು ಹಸಿರು ಪ್ಲಾಸ್ಟಿಕ್ ಹಗ್ಗದ ಮೇಲೆ ಸಾಲಾಗಿ ತೊಟ್ಟಿಕ್ಕುತ್ತಿದ್ದವು. ಹಗ್ಗ ನಡುವೆ ಜೋತುಬಿದ್ದಿತ್ತು.

ತಮ್ಮನ ಮುಖ, ಹಿಂದೆ ಪೊಲೀಸರು. ಅವಳಿಗೆ ಬೇರೇನೂ ಹೇಳಬೇಕಾಗಲಿಲ್ಲ.

“ಏನು ಮಾಡ್ಕೊಂಡ್ಯೋ?”

“ನಾನೇ ಕಣಕ್ಕಾ...” ಅವನು ಅವಳ ಕಾಲ ಬಳಿ ಕುಸಿದು ಕೂತ. “ಆ ಬಟ್ಟೆ ಹಗ್ಗ. ನಿನ್ನ ಬಟ್ಟೆ ಹಗ್ಗ ಬಿಚ್ಕೊಂಡು ಹೋಗಿ ಭಾವನಿಗೆ ಕೊಟ್ಟೆ. ಅದನ್ನೇ ಕಟ್ಕೊಂಡು ಹತ್ತಿದ್ರು.”

ಅವಳು ಕೈಯಲ್ಲಿದ್ದ ಅಂಗಿಯನ್ನು ಬಕೆಟ್ಟಿಗೆ ಹಾಕಿದಳು. ಸಿಟ್ಟಾಗಲಿಲ್ಲ, ಅಳಲಿಲ್ಲ. ಹುಬ್ಬು ಗಂಟಾಯಿತು.

“ಅದು ಸಾಧ್ಯ ಇಲ್ಲ,” ಎಂದಳು.

“ಯಾಕಮ್ಮ?” ಇನ್ಸ್‌ಪೆಕ್ಟರ್ ಕೇಳಿದರು.

“ಅವರಿಗೆ ಗೊತ್ತಿತ್ತು. ಇವನು ಹಗ್ಗ ಬಿಚ್ಕೊಂಡು ಓಡಿದ ದಿನಾನೇ ನಾನು ಊಟಕ್ಕೆ ಕೂತಾಗ ಹೇಳ್ದೆ. ನಿಮ್ಮ ಭಾವಮೈದ ಬಟ್ಟೆ ಹಗ್ಗಾನೂ ಬಿಡಲಿಲ್ಲ, ಚೆನ್ನಾಗಿದ್ದದ್ದು ಒಯ್ದು ಈ ದರಿದ್ರದ್ದು ಕಟ್ಟಿ ಹೋದ ಅಂತ. ಯಾವ ಬಣ್ಣ ಅಂದ್ರು. ಬೂದು ಅಂದೆ. ತುತ್ತು ಬಾಯಲ್ಲಿಟ್ಕೊಂಡು ನಕ್ಕಿದ್ದೇ ನಕ್ಕಿದ್ದು. ಕಣ್ಣಲ್ಲಿ ನೀರು ಬರೋ ಹಾಗೆ ನಕ್ರು.”

“ಭಾವನಿಗೆ ಗೊತ್ತಿತ್ತಾ?” ತಮ್ಮ ಮುಖ ಎತ್ತಿದ.

“ಗೊತ್ತಿತ್ತು ಕಣೋ. ‘ಬಿಸಿಲು ತಿಂದ ಹಗ್ಗ, ಇನ್ನು ಅದಕ್ಕೆ ಒಂದು ಕೊಡಾನೂ ಕಟ್ಟಬಾರದು’ ಅಂದ್ರು. ಮಾರನೇ ದಿನ ಬಂದು, ‘ಅದರ ಎರಡೂ ತುದಿಗೆ ಕೆಂಪು ಬಣ್ಣ ಬಳಿದು ಕೇಂದ್ರದ ಬೀರುವಿನಲ್ಲಿ ಬೀಗ ಹಾಕಿಟ್ಟೆ, ಯಾರೂ ಗೊತ್ತಿಲ್ಲದೆ ಮುಟ್ಟದೇ ಇರಲಿ ಅಂತ’ ಅಂದ್ರು. ಗೋಪುರ ಹತ್ತೋಕೆ ಅದೇ ಥರದ ಬೇರೆ ತುಂಡು ಇದೆ, ಅದು ಯಾವಾಗ್ಲೂ ಗೋಪುರದ ಗೂಟದಲ್ಲೇ ಇರುತ್ತೆ ಅಂದ್ರು. ‘ಅವನಿಗೆ ಹೇಳಬೇಡ, ನಾಚಿಕೆಯಿಂದ ಸತ್ತುಹೋಗ್ತಾನೆ’ ಅಂತ ನನ್ನ ಹತ್ರ ಭಾಷೆ ತಗೊಂಡ್ರು.”

ಭಾವಮೈದ ತಲೆ ತಗ್ಗಿಸಿಕೊಂಡು ಕೂತಲ್ಲೇ ಕೂತಿದ್ದ. ಮೂರು ದಿನ ಹೊತ್ತಿದ್ದ ಹೊರೆಯನ್ನು ಯಾರೋ ಇಳಿಸಿದ ಮೇಲೂ ಬೆನ್ನು ನೆಟ್ಟಗಾಗುತ್ತಿರಲಿಲ್ಲ.

ಇನ್ಸ್‌ಪೆಕ್ಟರ್ ದಫೇದಾರನ ಕೈಯಿಂದ ಚೀಲಗಳನ್ನು ತೆಗೆದುಕೊಂಡರು. ಇಷ್ಟು ದಿನ ಎಲ್ಲರೂ ಹರಿದ ಜಾಗವನ್ನೇ ನೋಡಿದ್ದರು. ಅವರು ಈಗ ಆ ಕಡೆ ಈ ಕಡೆಯ ಹಗ್ಗದ ಕೊನೆಗಳನ್ನು ನೋಡಿದರು: ಒಂದು ಕೊಕ್ಕೆಗೆ ಕಟ್ಟಿದ್ದದ್ದು, ಇನ್ನೊಂದು ಸೊಂಟಪಟ್ಟಿಗೆ ಕಟ್ಟಿದ್ದದ್ದು.

ಎರಡರಲ್ಲೂ ಕೆಂಪು ಬಣ್ಣ ಇರಲಿಲ್ಲ. ಎರಡನ್ನೂ ಹೊಸದಾಗಿ, ನೀಟಾಗಿ, ಬಿಸಿ ತಂತಿಯಿಂದ ಕತ್ತರಿಸಲಾಗಿತ್ತು.

“ಇದು ಅದೇ ಹಗ್ಗ ಹೌದೋ ಅಲ್ವೋ?” ಎಂದ ದಫೇದಾರ.

ಅಕ್ಕ ಹತ್ತಿರ ಬಂದಳು. ಹಗ್ಗವನ್ನು ಮುಟ್ಟದೆ ಅದರ ಮೇಲಿದ್ದ ಮಾಸಲು ಕಂದು ಚುಕ್ಕೆಗಳ ಕಡೆ ಬೆರಳು ತೋರಿಸಿದಳು. “ನನ್ನ ಬಟ್ಟೆ ಕ್ಲಿಪ್ಪಿನ ತುಕ್ಕು. ಎಷ್ಟು ತೊಳೆದ್ರೂ ಹೋಗಲ್ಲ. ಅವರ ಬಿಳಿ ಅಂಗಿಗೂ ಹತ್ತಿದೆ ನೋಡಿ.”

ಒದ್ದೆ ಅಂಗಿಯೊಂದು ಗಾಳಿಗೆ ಪಟಪಟ ಹೊಡೆದುಕೊಂಡಿತು.

ಇನ್ಸ್‌ಪೆಕ್ಟರಿಗೆ ಎಲ್ಲ ನಿಚ್ಚಳವಾಯಿತು. ಯಾರೋ ಬೀರು ತೆಗೆದಿದ್ದರು. ಕೆಂಪು ತುದಿಗಳನ್ನು ಕತ್ತರಿಸಿ, ಸತ್ತ ಹಗ್ಗವನ್ನು ಒಳ್ಳೆಯದರ ಜಾಗದಲ್ಲಿ ನೇತುಹಾಕಿದ್ದರು. ಮೇಷ್ಟ್ರು ಎಂದಿನಂತೆ ಕೈ ಚಾಚಿ, ಎಂದಿನಂತೆ ಕಟ್ಟಿಕೊಂಡು ಹತ್ತಿದ್ದರು. ಕೊಂದವನಿಗೆ ಮೇಷ್ಟ್ರ ಜೀವದ ಜೊತೆಗೆ ಇನ್ನೊಂದೂ ಬೇಕಿತ್ತು. ಹಗ್ಗದ ಮೇಲಿನ ನಂಬಿಕೆ ಸಾಯಬೇಕಿತ್ತು. ಲಂಗರು ಇಳಿಯಬಾರದಿತ್ತು.

“ಏಳಿ ಮೇಲೆ,” ಎಂದರು ಭಾವಮೈದನಿಗೆ. “ನೀವು ಕೊಂದಿಲ್ಲ. ಪೆದ್ದುತನಕ್ಕೆ ನಮ್ಮಲ್ಲಿ ಸೆಕ್ಷನ್ ಇಲ್ಲ. ಸಾಕ್ಷಿ ಸುಟ್ಟಿದ್ದಕ್ಕೆ ಇದೆ, ಅದನ್ನ ಆಮೇಲೆ ನೋಡೋಣ.”

“ಪುಟ್ಟಿಗೆ ಇನ್ನೂ ಹೇಳಿಲ್ಲ ಮೇಡಂ,” ಎಂದಳು ಅಕ್ಕ. “ಅಪ್ಪ ಇಲ್ಲ ಅಂತ ಗೊತ್ತಾದ್ರೆ ಅವಳ ಕೈ ನಡುಗುತ್ತೆ. ನೌಕೆ ನಡೆಸ್ತಿರೋಳು ಅವಳೇ. ಎಲ್ಲ ಮುಗಿಯೋವರೆಗೂ ಹೇಳಬೇಡಿ ಅಂತ ನಾನೇ ಕೇಳ್ಕೊಂಡೆ. ಈಗಾದ್ರೂ ಅವಳು ವಾಪಸ್ ಬರ್ತಾಳಲ್ವಾ?”

“ಬರ್ತಾಳೆ. ಹಗ್ಗದ ಮೇಲೆ ಅನುಮಾನ ಪಡೋಕೆ ಇನ್ನು ಕಾರಣವೇ ಇಲ್ಲ.”

ಅವರು ಫೋನ್ ತೆಗೆದು ನಿರ್ದೇಶಕರಿಗೆ ಕರೆ ಮಾಡಿದರು. ಆ ಕಡೆಯಿಂದ ಮೊದಲ ರಿಂಗಿಗೇ ಎತ್ತಿದರು. ಹಿಂದೆ ಹತ್ತಾರು ಜನರ ಗದ್ದಲ ಕೇಳುತ್ತಿತ್ತು.

“ಸಾರ್, ಕೊಲೆನೇ. ಆದ್ರೆ ಇವನಲ್ಲ. ಹಗ್ಗ ಚೆನ್ನಾಗಿದೆ. ನೀವು ಧೈರ್ಯವಾಗಿ ಲಂಗರು...”

“ನಾನು ಆಗಲೇ ಆದೇಶ ಕಳಿಸಿದ್ದೆ,” ಎಂದರು ನಿರ್ದೇಶಕರು. ದನಿ ಒಡೆದಿತ್ತು. “ಈಗಷ್ಟೇ ಉತ್ತರ ಬಂತು. ನೀವೇ ಕೇಳಿ.”

ಇನ್ಸ್‌ಪೆಕ್ಟರ್ ಎಲ್ಲರಿಗೂ ಕೇಳುವಂತೆ ಫೋನ್ ಹಿಡಿದರು. ಗೊರಗೊರ ಸದ್ದಿನ ನಡುವಿಂದ ಹುಡುಗಿಯ ದನಿ ಬಂತು. ಶಾಂತವಾಗಿತ್ತು. ಸ್ವಲ್ಪ ನಗುವೂ ಇತ್ತು.

“ಕೇಂದ್ರಕ್ಕೆ ನೌಕೆಯಿಂದ. ಆದೇಶ ಸಿಕ್ತು. ಲಂಗರು ಇಳಿಸ್ತಿಲ್ಲ. ಎಂಜಿನ್ ಹೊತ್ತಿಸೋಕೆ ತಯಾರಿ ಶುರು ಮಾಡಿದೀವಿ. ಬೇಜಾರು ಮಾಡ್ಕೋಬೇಡಿ, ಬೆಳಿಗ್ಗೆ ಅಪ್ಪನೇ ಮಾತಾಡಿದ್ರು. ‘ಹಗ್ಗ ಕೆಟ್ಟಿದೆ ಪುಟ್ಟಿ, ಯಾರೇ ಏನೇ ಹೇಳಿದ್ರೂ ಇಳಿಸಬೇಡ’ ಅಂದ್ರು. ಯಾರ ದನಿ ಮರೆತರೂ ಅಪ್ಪನ ದನಿ ಮರೀತೀನಾ? ಅಪ್ಪಾ, ಅಲ್ಲೇ ಇದ್ರೆ ಒಂದು ಮಾತಾಡಿ. ಸಂಜೆ ಎಂಜಿನ್ ಹೊತ್ತಿಸೋ ಮುಂಚೆ ಇನ್ನೊಂದ್ಸಲ ಕೇಳಬೇಕು ಅನ್ನಿಸ್ತಿದೆ.”

ಸದ್ದು ನಿಂತಿತು.

ಭಾವಮೈದ ಗೋಡೆ ಹಿಡಿದುಕೊಂಡ. “ಬೆಳಿಗ್ಗೆನಾ? ಇವತ್ತು ಬೆಳಿಗ್ಗೆನಾ?”

ಅಕ್ಕ ಮಾತ್ರ ಕದಲಲಿಲ್ಲ. ಮುಖದ ಬಣ್ಣ ಇಳಿದುಹೋಗಿತ್ತು, ಕಣ್ಣು ಫೋನಿನ ಮೇಲೆಯೇ ನೆಟ್ಟಿತ್ತು. ತುಟಿಗಳು ತೀರ ಮೆಲ್ಲಗೆ ಅಲುಗಿದವು. ಇನ್ಸ್‌ಪೆಕ್ಟರ್ ಕಿವಿಯನ್ನು ಅವಳ ಬಾಯಿಯ ಬಳಿಗೆ ತರಬೇಕಾಯಿತು.

“ನಮ್ಮನೆಯವರ ದನಿಯಲ್ಲಿ ಮಾತಾಡಿ ನನ್ನನ್ನ ಬೇಸ್ತು ಬೀಳಿಸೋರು ಒಬ್ರೇ ಇದಾರೆ ಮೇಡಂ. ಇವರ ಕಾಲೇಜಿನ ಗೆಳೆಯ. ಎಷ್ಟೋ ಸಲ ಫೋನಿನಲ್ಲಿ ಇವರೇ ಅಂದ್ಕೊಂಡು ಊಟಕ್ಕೆ ಬನ್ನಿ ಅಂದಿದೀನಿ.”

“ಯಾರು?”

“ಮೊದ್ಲು ಆ ಫೋನ್ ಇಡಿ,” ಎಂದಳು ಅಕ್ಕ. “ಅವರು ಕೇಳಿಸ್ಕೊಳ್ತಿದಾರೆ.”